ಗ್ಯಾಲರಿಯ ಅತಿಥಿಗಳು

ಎಡಗಾಲಿನ ಶೂ ಲೇಸು ಕಟ್ಟಲು ಮಂಚದ ಅಂಚಿನಲ್ಲಿ ಬಗ್ಗಿದ ಡೆಲ್ಮರ್ ಟೋಸೆತ್, ಗಂಟು ಹಾಕುವುದನ್ನು ಅರ್ಧಕ್ಕೆ ಬಿಟ್ಟು ತನ್ನ ಬಲಗೈಯ ತೋರುಬೆರಳನ್ನೇ ನೋಡುತ್ತ ಕುಳಿತ. ಉಗುರಿನ ಪಕ್ಕದಲ್ಲಿ ಚಳಿಗೆ ಒಡೆದ ಸಣ್ಣ ಬಿರುಕು, ಗೆಣ್ಣಿನ ಹತ್ತಿರ ಹಳೆಯದೊಂದು ಸುಟ್ಟ ಕಲೆ, ಅಷ್ಟೆ. ಅರವತ್ತೇಳು ವರ್ಷದ ಬೆರಳು. ಬೆಳೆ ವಿಮೆಯ ಅರ್ಜಿಯಲ್ಲಿ ರೈತರು ಎಲ್ಲಿ ಸಹಿ ಹಾಕಬೇಕೆಂದು ತೋರಿಸುವ ಬೆರಳು. ಇಪ್ಪತ್ತೆರಡು ಚಳಿಗಾಲ ಶಾಸನಸಭೆಯ ಮೇಜಿನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಒತ್ತಿದ ಬೆರಳು. ಅದು ಒತ್ತಿದ್ದರಿಂದ ಏನಾದರೂ ಆಗಿದ್ದಾಗಲಿ, ಒತ್ತದೆ ಇದ್ದಿದ್ದರೆ ಏನಾದರೂ ನಿಲ್ಲುತ್ತಿದ್ದುದಾಗಲಿ ಅವನಿಗೆ ನೆನಪಿಲ್ಲ. ಗೆಲ್ಲುವುದು ಗೆಲ್ಲುತ್ತಿತ್ತು, ಬೀಳುವುದು ಬೀಳುತ್ತಿತ್ತು, ಎಪ್ಪತ್ತು ಜನರಲ್ಲಿ ಒಬ್ಬನಾಗಿ ಅವನೂ ಬೆರಳು ಚಾಚುತ್ತಿದ್ದ. ನಿನ್ನೆ ಮಧ್ಯಾಹ್ನ ಮೂರೂಕಾಲಿಗೆ, ಮೊದಲ ಸಲ, ಆ ಬೆರಳು ಒಂದು ಮಸೂದೆಯನ್ನು ಕೊಂದಿತು. ಕೊಲ್ಲಬೇಕೆಂದು ಕೊಂದಿದ್ದರೆ ಒಂದು ಮಾತಾಗಿತ್ತು. ಅವನು ತಮಾಷೆ ಮಾಡುತ್ತಿದ್ದ.

ಸದನದಲ್ಲಿ ಲಾಗಾಯ್ತಿನಿಂದ ನಡೆದುಬಂದ ಪದ್ಧತಿ ಅದು. ಹೊಸಬರು ತಮ್ಮ ಮೊದಲ ಮಸೂದೆಯನ್ನು ಮತಕ್ಕೆ ಹಾಕುವಾಗ ಹಳಬರೆಲ್ಲ ಸೇರಿ ಗೋಳು ಹೊಯ್ದುಕೊಳ್ಳಬೇಕು. ಕೆಲಸಕ್ಕೆ ಬಾರದ ಪ್ರಶ್ನೆ ಕೇಳಬೇಕು, ಮತದ ಗಂಟೆ ಹೊಡೆದ ಕೂಡಲೇ ಎಲ್ಲರೂ ಕೆಂಪು ಒತ್ತಬೇಕು. ಗೋಡೆಯ ಫಲಕದಲ್ಲಿ ಹೆಸರಿಗೊಂದರಂತೆ ಕೆಂಪು ದೀಪ ಹತ್ತಿಕೊಂಡು ಹೊಸಬರ ಮುಖ ಬಿಳಿಚಿಕೊಳ್ಳುತ್ತದೆ, ಸದನ ಗೊಳ್ಳೆಂದು ನಗುತ್ತದೆ, ಸಭಾಧ್ಯಕ್ಷರು ಕೊಂಚ ಕಾದು ಎಲ್ಲರ ಮತ ಆಯಿತೇ ಎಂದು ಕೇಳುವಷ್ಟರಲ್ಲಿ ಪ್ರತಿಯೊಬ್ಬರೂ ತಮ್ಮ ನಿಜವಾದ ಮತಕ್ಕೆ ಬದಲಾಯಿಸಿಕೊಂಡಿರುತ್ತಾರೆ. ಮಾರನೆಯ ದಿನ ಹೊಸಬರು ಎಲ್ಲರಿಗೂ ಡೋನಟ್ ಹಂಚಬೇಕು. ಡೆಲ್ಮರನ ಮೊದಲ ಮಸೂದೆ ಹೊಲದ ನೀರುಗಾಲುವೆಗಳ ಕುರಿತದ್ದು. ಫಲಕ ಕೆಂಪಾದಾಗ ಕೈಯಲ್ಲಿದ್ದ ಹಾಳೆಗಳನ್ನೆಲ್ಲ ಮಡಚಿ ಎತ್ತಿಟ್ಟಿದ್ದ. ಹಸಿರಿಗೆ ತಿರುಗಿದಾಗ ಕಣ್ಣಲ್ಲಿ ನೀರು ಬಂದು, ಅದನ್ನು ಮುಚ್ಚಲು ಸುಮ್ಮಸುಮ್ಮನೆ ಕೆಮ್ಮಿದ್ದ. ಆ ಕಥೆಯನ್ನು ಊರಿನ ಚರ್ಚಿನ ನೆಲಮಾಳಿಗೆಯಲ್ಲಿ, ಕಾಫಿ ಕುಡಿಯುವವರ ಮುಂದೆ, ಇಪ್ಪತ್ತೆರಡು ವರ್ಷ ಹೇಳಿ ನಗಿಸಿದ್ದಾನೆ. ತನ್ನನ್ನೂ ಅವರು ತಮ್ಮವನೆಂದು ಸೇರಿಸಿಕೊಂಡ ದಿನ ಅದು. ಆಮೇಲೆ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಆಗಲಿಲ್ಲ ಎನ್ನುವುದನ್ನು ಅವನು ಕೆದಕಲು ಹೋಗುತ್ತಿರಲಿಲ್ಲ.

ನಿನ್ನೆಯ ಸರದಿ ಜೊಲೀನ್ ಬ್ರಕ್ನರಳದು. ಪಶ್ಚಿಮದ ದನಗಾವಲು ಸೀಮೆಯಿಂದ ನವೆಂಬರಿನಲ್ಲಿ ಗೆದ್ದು ಬಂದವಳು, ಅಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಅವಳ ಮಸೂದೆ ಒಂದೇ ಪುಟ: ಅಪಘಾತವಾದಾಗ ಯಾವ ಕೌಂಟಿಯದು, ಅಂದರೆ ಯಾವ ಜಿಲ್ಲೆಯದು ಎಂದು ನೋಡದೆ ಹತ್ತಿರವಿರುವ ಆಂಬುಲೆನ್ಸ್ ಹೋಗಬೇಕು. ಅವಳ ತಮ್ಮ ಹುಲ್ಲಿನ ಉಂಡೆ ಕಟ್ಟುವ ಯಂತ್ರಕ್ಕೆ ತೋಳು ಸಿಕ್ಕಿಸಿಕೊಂಡು ಬಿದ್ದಿದ್ದಾಗ ಎಂಟು ಮೈಲಿ ದೂರದ್ದು ಗಡಿಯಾಚೆಯದೆಂದು ಬರಲಿಲ್ಲ. ಐವತ್ತೆರಡು ಮೈಲಿಯಿಂದ ಹೊರಟದ್ದು ತಲುಪುವಷ್ಟರಲ್ಲಿ ಅವನು ಹೋಗಿದ್ದ. ಸಮಿತಿಯ ಮುಂದೆ ಇದನ್ನು ಅವಳು ಅಳದೆ, ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಹೇಳಿದ್ದಳು. ಆಂಬುಲೆನ್ಸ್ ಕಂಪನಿಗಳಿಗೆ ಕೌಂಟಿಗೊಂದು ಗುತ್ತಿಗೆ ಇರುವುದೇ ಲಾಭ, ಹಾಗಾಗಿ ಅರ್ಧ ಸದನ ವಿರುದ್ಧ. ಡೆಲ್ಮರ್ ಪರ. ಅದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎಲ್ಲರ ಜೊತೆ ಕೆಂಪು ಒತ್ತಿದ, ನಕ್ಕ. ಪಕ್ಕದ ಕುರ್ಚಿಯ ವೆಂಡೆಲ್, ಇಲ್ಲಿ ನೋಡು ಮಾರಾಯ ಎಂದು ಫೋನು ಮುಂದೆ ಹಿಡಿದ. ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಭಾನುವಾರ ಹಿಡಿದ ಮೀನು, ಒಂಬತ್ತು ಪೌಂಡಂತೆ. ಡೆಲ್ಮರ್ ಕನ್ನಡಕ ಹಣೆಗೇರಿಸಿ ನೋಡಿ, ಒಂಬತ್ತೆಲ್ಲಿ ಬಂತು, ಏಳಿರಬೇಕು ಎಂದ. ಮತದಾನ ಮುಗಿಯಿತೆಂದು ಸಭಾಧ್ಯಕ್ಷರ ಸುತ್ತಿಗೆ ಬಿತ್ತು. ತಲೆಯೆತ್ತಿದರೆ ಮೂವತ್ತೈದು ಹಸಿರು, ಮೂವತ್ತೈದು ಕೆಂಪು, ಆ ಕೆಂಪಿನಲ್ಲಿ ಒಂದು ತನ್ನದು. ಗೆಲ್ಲಲು ಮೂವತ್ತಾರು ಬೇಕಿತ್ತು.

ಆಗಲೇ ಎದ್ದು ಕೂಗಿಬಿಟ್ಟಿದ್ದರೆ? ಸುತ್ತಿಗೆ ಬಿದ್ದ ಮೇಲೆ ಮತ ಬದಲಾಯಿಸುವಂತಿಲ್ಲ, ಸರಿ, ಆದರೆ ಅಯ್ಯೋ ಎಂದಾದರೂ ಅನ್ನಬಹುದಿತ್ತು. ಕುರ್ಚಿಯಿಂದ ಅರ್ಧ ಎದ್ದಿದ್ದ, ಅದು ನಿಜ. ಅಷ್ಟರಲ್ಲಿ ಭುಜದ ಮೇಲೆ ಕೈ ಬಿತ್ತು. ಬಹುಮತ ಪಕ್ಷದ ನಾಯಕ ಗ್ರೇಡಿ ಮಂಟ್, ಮಸೂದೆಯನ್ನು ಬೀಳಿಸಬೇಕೆಂದಿದ್ದವನು. ಇಷ್ಟು ವರ್ಷದಲ್ಲಿ ಐವರು ನಾಯಕರು ಬಂದುಹೋಗಿದ್ದಾರೆ, ಒಬ್ಬರೂ ಅವನ ಭುಜ ಮುಟ್ಟಿದವರಲ್ಲ.

"ನಿನ್ನಲ್ಲಿ ಇಷ್ಟೊಂದು ಗಟ್ಟಿತನ ಇದೆ ಅಂತ ಗೊತ್ತಿರ್ಲಿಲ್ಲ ಕಣಯ್ಯಾ," ಎಂದಿದ್ದ ಗ್ರೇಡಿ. "ನಾಳೆ ಬೆಳಿಗ್ಗೆ ನಮ್ ಟೇಬಲ್ಲಿಗೆ ಬಾ."

ಡೆಲ್ಮರ್ ಕುಳಿತುಬಿಟ್ಟಿದ್ದ. ಕೈ ತೆಗೆದ ಮೇಲೂ ಭುಜ ಬೆಚ್ಚಗಿತ್ತು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಈ ಮೋಟೆಲಿನ ಹೀಟರ್ ಬೇರೆ, ಬೆಳಗಿನ ಜಾವದಿಂದ ಯಾರೋ ಗೋಡೆಯೊಳಗೆ ಗಂಟಲು ಸರಿಮಾಡಿಕೊಳ್ಳುತ್ತಿರುವ ಹಾಗೆ ಸದ್ದು ಮಾಡುತ್ತಿದೆ. ಆರು ಗಂಟೆಗೆ ಹೆಂಡತಿ ಆರ್ಡಿಸ್ ಫೋನು ಮಾಡಿದ್ದಳು. ರೇಡಿಯೋದಲ್ಲಿ ಮತದ ಎಣಿಕೆ ಬಂದಿತ್ತಂತೆ, ಅವನ ಹೆಸರನ್ನೂ ಹೇಳಿದರಂತೆ. ಇಪ್ಪತ್ತೆರಡು ವರ್ಷದಲ್ಲಿ ರೇಡಿಯೋದಲ್ಲಿ ಅವನ ಹೆಸರು ಕೇಳಿಬಂದದ್ದು ಇದು ಎರಡನೆಯ ಸಲ. ಮೊದಲನೆಯದು ಅವನ ಪಿಕಪ್ಪು ಜಿಂಕೆಗೆ ಡಿಕ್ಕಿ ಹೊಡೆದಾಗ.

"ಬೇಕಂತ ಒತ್ತಿದ್ಯಾ, ಇಲ್ಲಾ ಮೈಮರೆತು ಒತ್ತಿದ್ಯಾ?" ಎಂದು ಕೇಳಿದ್ದಳು ಆರ್ಡಿಸ್.

ಅವಳೊಬ್ಬಳ ಹತ್ತಿರ ನಿಜ ಹೇಳಿದ. ಮೀನಿನ ಸಂಗತಿಯನ್ನೂ ಹೇಳಿದ. ಅವಳು ನಗಲಿಲ್ಲ. ಹಾಗಿದ್ದರೆ ಎದ್ದು ಹಾಗಂತಲೇ ಹೇಳು, ಅದರಲ್ಲೇನಿದೆ ಎಂದಳು. ಅವನು ನಿಯಮ ವಿವರಿಸಿದ: ಬಿದ್ದ ಮಸೂದೆಯನ್ನು ಮತ್ತೆ ಮತಕ್ಕೆ ತರಲು ದಾರಿಯಿದೆ, ಆದರೆ ಮರುಪರಿಶೀಲನೆ ಕೋರುವವನು ಗೆದ್ದ ಕಡೆ, ಅಂದರೆ ಈ ಸಲ ಕೆಂಪಿನ ಕಡೆ, ಮತ ಹಾಕಿದವನಾಗಿರಬೇಕು. ಅದೂ ಇವತ್ತೇ ಆಗಬೇಕು. ಇವತ್ತು ಕಳೆದರೆ ಮುಂದಿನ ವರ್ಷದವರೆಗೆ ಅದರ ಕಥೆ ಮುಗಿಯಿತು. ಕೆಂಪು ಒತ್ತಿದ ಉಳಿದ ಮೂವತ್ತನಾಲ್ಕು ಜನ ನಿಜವಾಗಿಯೂ ವಿರೋಧಿಗಳು, ಅವರ್ಯಾಕೆ ಕೇಳುತ್ತಾರೆ.

"ಅಂದ್ರೆ ನೀನೊಬ್ನೇ."

"ನಾನೊಬ್ನೇ."

"ಮಾಡ್ತೀಯಲ್ವಾ?"

ಮಾಡುತ್ತೇನೆ ಎಂದ. ಆಗ ಅವಳ ದನಿ ಸ್ವಲ್ಪ ಸಡಿಲಾಯಿತು. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಮೇಲೂ ಮಕ್ಕಳ ಜೊತೆ ಹೋಗಿಬರುವ ಕೆಲಸ ಬಂದರೆ ಅವಳು ಬಿಡುವವಳಲ್ಲ. ಇವತ್ತು ಊರಿನ ನಾಲ್ಕನೆಯ ತರಗತಿಯವರು ಸದನ ನೋಡಲು ಬರುತ್ತಿದ್ದಾರೆ, ನಾನೂ ಬಸ್ಸಿನಲ್ಲಿ ಬರುತ್ತೇನೆ, ಮೇಲಿನ ಪ್ರೇಕ್ಷಕರ ಗ್ಯಾಲರಿಯಿಂದ ನೋಡುತ್ತೇನೆ ಎಂದಳು. ಮಕ್ಕಳು ಬರುವುದು ಅವನಿಗೆ ಮರೆತೇಹೋಗಿತ್ತು. ಅವನು ಮರೆಯುವಂಥ ಸಂಗತಿಯೇ ಅಲ್ಲ ಅದು. ಗ್ಯಾಲರಿಯ ಅತಿಥಿಗಳನ್ನು ಸದನಕ್ಕೆ ಪರಿಚಯಿಸಲು ಅವನಷ್ಟು ಸಲ ಎದ್ದುನಿಂತವರು ಯಾರೂ ಇಲ್ಲ. ಬೀಜ ಗೋದಾಮಿನ ನೌಕರರು, ಬೌಲಿಂಗ್ ಗೆದ್ದ ಹೆಂಗಸರು, ಮೊಮ್ಮಗಳ ಜೊತೆ ಬಂದ ಅಂಚೆಯವನು. ಅಧಿವೇಶನ ಮುಗಿದ ಸಂಜೆ ನಡೆಯುವ ನಗೆಕೂಟದಲ್ಲಿ ಒಂದು ವರ್ಷ ಅವನನ್ನು ವೇದಿಕೆಗೆ ಕರೆದು 'ಅತಿಥಿ ಸತ್ಕಾರ ಮಂತ್ರಿ' ಎಂದು ರಟ್ಟಿನ ಪದಕ ಹಾಕಿದ್ದರು. ಅದನ್ನು ಊರಿನ ಕಚೇರಿಯಲ್ಲಿ ತೂಗುಹಾಕಿದ್ದಾನೆ. ಹೀಯಾಳಿಸಿದ್ದೋ ಮೆಚ್ಚಿದ್ದೋ ಎಂದು ಇವತ್ತಿಗೂ ತೀರ್ಮಾನಿಸಿಲ್ಲ. ಡೆಲ್ಮರ್ ಲೇಸಿನ ಗಂಟು ಬಿಗಿದು ಎದ್ದ.

ಶಾಸನಭವನದ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಕಿಟಕಿಯ ಪಕ್ಕದ ದುಂಡು ಮೇಜು ನಾಯಕರದು. ಹಾಗೆಂದು ಎಲ್ಲೂ ಬರೆದಿಲ್ಲ, ಬರೆಯಬೇಕಾದ್ದೂ ಇಲ್ಲ. ಇಷ್ಟು ವರ್ಷ ಅವನು ತಟ್ಟೆ ಹಿಡಿದು ಆ ಮೇಜಿನ ಪಕ್ಕದಲ್ಲೇ ಹಾದು, ಕಂಬದ ಹಿಂದೆ ವೆಂಡೆಲ್‌ನ ಎದುರು ಕುಳಿತು ತಿಂದಿದ್ದಾನೆ. ಇವತ್ತು ಗ್ರೇಡಿ ಕಾಲಿನಿಂದಲೇ ಒಂದು ಕುರ್ಚಿಯನ್ನು ಹೊರಕ್ಕೆ ತಳ್ಳಿದ. ಕುಳಿತ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದೆ ಡೆಲ್ಮರ್ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಾತು ರಸ್ತೆಯದು, ಹಿಮದ್ದು, ರಾಜ್ಯಪಾಲರ ಸೊಂಟನೋವಿನದು. ಹೇಳಬೇಕು, ಈಗಲೇ ಹೇಳಬೇಕು, ನಗುತ್ತಲೇ ಹೇಳಿಬಿಟ್ಟರೆ ಆಯಿತು, ಅದೊಂದು ಎಡವಟ್ಟು ಕಣಪ್ಪ ಎಂದರೆ ಇವರೂ ನಗುತ್ತಾರೆ ಎಂದು ಬಾಯಿ ತೆರೆಯುವಷ್ಟರಲ್ಲಿ, ಸಾರಿಗೆ ಸಮಿತಿಯ ಉಪಾಧ್ಯಕ್ಷರ ಜಾಗ ಖಾಲಿಯಾಗುತ್ತಿದೆ ಎಂದು ಗ್ರೇಡಿ ಇಂಥವರಿಗೇ ಎಂದಿಲ್ಲದ ಹಾಗೆ ಹೇಳಿದ. ಯಾರಾದರೂ ಗಟ್ಟಿ ಮನುಷ್ಯ ಬೇಕಂತೆ. ಡೆಲ್ಮರ್ ತೆರೆದ ಬಾಯಿಗೆ ತಟ್ಟೆಯಲ್ಲಿದ್ದ ಸಿಹಿಯಾದ ಕ್ಯಾರಮೆಲ್ ರೋಲಿನ ಚೂರು ಹಾಕಿಕೊಂಡ. ಕಂಬದ ಹಿಂದಿನಿಂದ ವೆಂಡೆಲ್ ಇಣುಕಿ ನೋಡಿದ, ಮತ್ತೆ ಹಿಂದೆ ಸರಿದ. ರೋಲು ಚೆನ್ನಾಗಿತ್ತು. ಕಿಟಕಿಯ ಪಕ್ಕ ಕೂತು ತಿಂದರೆ ಬಿಸಿಲು ತಟ್ಟೆಯ ಮೇಲೆ ಬೀಳುತ್ತದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

ಮಹಡಿಯ ಮೊಗಸಾಲೆಯಲ್ಲಿ ಎರಡು ವರ್ಷಕ್ಕೊಂದರಂತೆ ತೆಗೆದ ಗುಂಪು ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಹನ್ನೊಂದು ಚಿತ್ರಗಳಲ್ಲಿ ಡೆಲ್ಮರ್ ಇದ್ದಾನೆ, ಎಂಟರಲ್ಲಿ ಯಾರದೋ ಭುಜದ ಹಿಂದೆ. ಅಲ್ಲಿ ನಿಂತು ತನ್ನ ಕೂದಲು ಯಾವ ಚಿತ್ರದಿಂದ ಬೆಳ್ಳಗಾಯಿತೆಂದು ಹುಡುಕುತ್ತಿದ್ದಾಗ ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದರು. ಜೊಲೀನ್. ಕೈಯಲ್ಲಿ ಒಂದರ ಮೇಲೊಂದು ಪೇರಿಸಿದ ನಾಲ್ಕು ರಟ್ಟಿನ ಪೆಟ್ಟಿಗೆ, ಗದ್ದದಿಂದ ಒತ್ತಿ ಹಿಡಿದಿದ್ದಾಳೆ. ಡೋನಟ್.

"ಸೋತ್ರೂ ಹಂಚ್ಲೇಬೇಕಂತೆ ಸಾರ್, ಪದ್ಧತಿಯಂತೆ," ಎಂದಳು. "ತಗೊಳ್ಳಿ, ಮೇಲಿನ ಪೆಟ್ಟಿಗೇಲಿ ಸಕ್ಕರೆ ಹಾಕಿದ್ದಿದೆ."

ತೆಗೆದುಕೊಂಡ. ತೆಗೆದುಕೊಳ್ಳದೆ ಇನ್ನೇನು ಮಾಡುವುದು. ಅವಳು ಪೆಟ್ಟಿಗೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೋಟಿನ ಜೇಬಿನಿಂದ ಒಂದು ಪುಟ್ಟ ನೋಟುಪುಸ್ತಕ ತೆಗೆದಳು. ತನಗೇನೂ ಕೋಪವಿಲ್ಲವೆಂದಳು. ನಿನ್ನೆ ರಾತ್ರಿ ಮತಪಟ್ಟಿ ಇಟ್ಟುಕೊಂಡು ಒಂದೊಂದೇ ಹೆಸರು ನೋಡಿದಳಂತೆ. ವಿರುದ್ಧ ಹಾಕಿದ ಬಹಳಷ್ಟು ಜನ ಕಂಪನಿಗಳ ಮಾತು ಕೇಳಿ ಹಾಕಿದವರು, ಅದು ಅವಳಿಗೆ ಗೊತ್ತು. ಡೆಲ್ಮರ್ ಮಾತ್ರ ಯಾರ ಹಂಗಿನಲ್ಲೂ ಇಲ್ಲದವನು, ಹಾಗೆಂದು ಎಲ್ಲರೂ ಹೇಳುತ್ತಾರೆ.

"ನಿಮ್ಮಂಥೋರು ಬೇಡ ಅಂದಿದ್ದೀರಿ ಅಂದ್ರೆ ಅದರಲ್ಲಿ ನಾನು ನೋಡದೇ ಇರೋದು ಏನೋ ಇದೆ. ಅದೇನು ಅಂತ ಹೇಳಿ ಸಾರ್. ಮುಂದಿನ ವರ್ಷ ಸರಿಮಾಡ್ಕೊಂಡು ತರ್ತೀನಿ."

ಕಣ್ಣರಳಿಸಿಕೊಂಡು, ಪೆನ್ನು ಹಿಡಿದು, ಅವಳು ಕಾದು ನಿಂತಳು. ಮೀನು ಎಂದು ಹೇಳುವುದೇ? ತಮಾಷೆಗೆ ಒತ್ತಿದೆ, ನಿನ್ನ ಮುಖ ಬಿಳಿಚಿಕೊಂಡದ್ದನ್ನು ನೋಡಿ ನಕ್ಕೆ, ಆಮೇಲೆ ಏಳು ಪೌಂಡೋ ಒಂಬತ್ತು ಪೌಂಡೋ ಎಂದು ನೋಡುತ್ತಿದ್ದೆ, ಅಷ್ಟರಲ್ಲಿ ನಿನ್ನ ತಮ್ಮನ ಮಸೂದೆ ಬಿತ್ತು ಎಂದೇ? ಡೋನಟಿನ ಸಕ್ಕರೆ ಬೆರಳಿಗೆ ಅಂಟಿಕೊಂಡಿತ್ತು. ಗಂಟಲು ಸರಿಮಾಡಿಕೊಂಡ. ಚಿಕ್ಕ ಕೌಂಟಿಗಳ ವಿಚಾರ ಎಂದ. ಪಕ್ಕದ ಕೌಂಟಿಯಿಂದ ಹೇಗೂ ಬರುತ್ತದೆಂದಾದರೆ ಚಿಕ್ಕ ಕೌಂಟಿಯವರು ತಮ್ಮ ಆಂಬುಲೆನ್ಸನ್ನೇ ಮುಚ್ಚಿಬಿಡಬಹುದು, ಆಗ ಇದ್ದದ್ದೂ ಹೋಗುತ್ತದೆ, ಅದಕ್ಕೊಂದು ಕಟ್ಟುಪಾಡು ಮಸೂದೆಯಲ್ಲಿ ಇರಬೇಕಿತ್ತು. ಇದೆಲ್ಲ ತನ್ನ ಬಾಯಿಂದ ಹೊರಡುವುದನ್ನು ಅವನೇ ಬೆರಗಾಗಿ ಕೇಳಿಸಿಕೊಂಡ. ಜೊಲೀನ್ ಬರೆದುಕೊಂಡಳು. ಕಟ್ಟುಪಾಡು ಎನ್ನುವುದರ ಕೆಳಗೆ ಎರಡು ಗೆರೆ ಎಳೆದಳು.

"ಇದು ನನಗೆ ಹೊಳೆದೇ ಇರ್ಲಿಲ್ಲ," ಎಂದಳು. "ನನ್ ತಮ್ಮ ಇದ್ದಿದ್ರೆ ನಿಮ್ ಜೊತೆ ಜಗಳ ಆಡಿ, ಆಮೇಲೆ ನಿಮಗೇ ಕಾಫಿ ಕುಡಿಸ್ತಿದ್ದ."

ಪೆಟ್ಟಿಗೆ ಎತ್ತಿಕೊಂಡು ಹೋದಳು. ಬೂಟಿನ ಸದ್ದು ಮೊಗಸಾಲೆಯ ತುದಿಯವರೆಗೂ ಕೇಳಿಸಿತು. ಡೆಲ್ಮರ್ ಡೋನಟನ್ನು ಪೂರ್ತಿ ತಿಂದ, ಎಸೆಯಲು ಸುತ್ತಮುತ್ತ ಬುಟ್ಟಿಯಿರಲಿಲ್ಲ. ತಿನ್ನುತ್ತ ತಿನ್ನುತ್ತ, ತಾನು ಹೇಳಿದ್ದು ಅಷ್ಟೇನೂ ಸುಳ್ಳಲ್ಲವಲ್ಲ ಎನಿಸತೊಡಗಿತು. ಅವನ ಕೌಂಟಿಯ ಆಂಬುಲೆನ್ಸಿಗೇ ಓಡಿಸುವ ಜನ ಸಿಗುತ್ತಿಲ್ಲ. ಒಳಮನಸ್ಸಿನಲ್ಲಿ ಈ ವಿಚಾರ ಇದ್ದೇ ಇರಬೇಕು, ಆದ್ದರಿಂದಲೇ ಬೆರಳು ಹಿಂದೆ ಬರಲಿಲ್ಲವೇನೋ. ಇಪ್ಪತ್ತೆರಡು ವರ್ಷದ ಅನುಭವ ಬೆರಳಿಗೂ ಇಳಿದಿರುತ್ತದೆ. ಹೀಗೆ ಯೋಚಿಸಿ ಎರಡು ಹೆಜ್ಜೆ ನೆಟ್ಟಗೆ ನಡೆದ. ಮೂರನೆಯ ಹೆಜ್ಜೆಗೆ ಥೂ ಎನಿಸಿತು. ಆ ಮಸೂದೆಯನ್ನು ಅವನು ಎರಡು ಸಲ ಓದಿದ್ದ, ಎರಡು ಸಲವೂ ಅದರಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ. ಸಮಿತಿಯಲ್ಲಿ ಜೊಲೀನಳ ಮಾತು ಮುಗಿದಾಗ ಕೈಚೌಕ ತೆಗೆದು ಮೂಗು ಒರೆಸಿಕೊಂಡಿದ್ದ. ಆ ಮನುಷ್ಯ ಎಲ್ಲಿ ಹೋದ?

ಸಭಾ ಕಾರ್ಯದರ್ಶಿಯ ಕೋಣೆಗೆ ಹೋಗಿ, ಮರುಪರಿಶೀಲನೆ ಕೋರುವ ವಾಕ್ಯ ಹೇಗಿರಬೇಕೆಂದು ಕೇಳಿದ. ಅಲ್ಲಿನ ಹಳೆಯ ಹೆಂಗಸು ಕನ್ನಡಕದ ಮೇಲಿಂದ ನೋಡಿ, ಯಾರಿಗೆ ಬೇಕು ಎಂದಳು. ಸುಮ್ಮನೆ, ತಿಳಿದುಕೊಳ್ಳೋಣವೆಂದು, ಎಂದ. ಅವಳು ಇನ್ನೇನೂ ಕೇಳದೆ ಒಂದು ಚೀಟಿಯಲ್ಲಿ ದುಂಡಗೆ ಬರೆದುಕೊಟ್ಟಳು. 'ನಿರ್ಣಯಗಳು' ಎಂದು ಸಭಾಧ್ಯಕ್ಷರು ಕರೆದಾಗ ಎದ್ದು ಓದಿದರೆ ಸಾಕು, ಒಂದೇ ವಾಕ್ಯ. ಚೀಟಿಯನ್ನು ಎದೆಯ ಜೇಬಿನಲ್ಲಿಟ್ಟುಕೊಂಡ. ಊಟಕ್ಕೆ ಹೋಗಲಿಲ್ಲ. ಒಂದು ಗಂಟೆಗೆ ಇನ್ನೂ ನಲವತ್ತು ನಿಮಿಷವಿತ್ತು. ಮೆಟ್ಟಿಲು ಹತ್ತಿದ, ಇಳಿದ, ಕೋಟು ಹಾಕಿಕೊಂಡು ಹೊರಗೆ ನಿಂತು ಚಳಿಗೆ ಕಿವಿ ಉರಿಯತೊಡಗಿದ ಮೇಲೆ ಒಳಗೆ ಬಂದ. ವಾಕ್ಯ ಬಾಯಿಪಾಠವಾಯಿತು. ಓದಿದ ಮೇಲೆ ಏನಾಗುತ್ತದೆ? ಸಭಾಧ್ಯಕ್ಷರು ಕಾರಣ ಕೇಳುತ್ತಾರೆ. ನಿಜ ಹೇಳಿದರೆ ಅರವತ್ತೊಂಬತ್ತು ಜನ ನಗುತ್ತಾರೆ. ಅದನ್ನು ತಾಳಿಕೊಳ್ಳಬಹುದು, ನಗಿಸಿಕೊಂಡೇ ಅಭ್ಯಾಸ. ಗ್ರೇಡಿ ಕಿಟಕಿಯ ಪಕ್ಕದ ಕುರ್ಚಿಯನ್ನು ಮತ್ತೆ ಮೇಜಿನಡಿಗೆ ತಳ್ಳುತ್ತಾನೆ. ಅದೂ ಹೋಗಲಿ. ಆದರೆ ಜೊಲೀನ್ ತನ್ನ ನೋಟುಪುಸ್ತಕದ ಎರಡು ಗೆರೆಗಳನ್ನು ನೋಡುತ್ತಾಳೆ, ಆಮೇಲೆ ಅವನ ಕಡೆ ನೋಡುತ್ತಾಳೆ. ಬೆಳಿಗ್ಗೆ ಎದ್ದಾಗ ಒಪ್ಪಿಕೊಳ್ಳಬೇಕಾಗಿದ್ದುದು ಒಂದು ಎಡವಟ್ಟನ್ನು ಮಾತ್ರ; ಮಧ್ಯಾಹ್ನದ ಹೊತ್ತಿಗೆ ಅದರ ಜೊತೆ ಒಂದು ಸುಳ್ಳೂ ಸೇರಿಕೊಂಡಿತ್ತು.

ಒಂದು ಗಂಟೆಗೆ ಸದನ ಸೇರಿತು. ಪ್ರಾರ್ಥನೆ ಆಯಿತು, ಹಾಜರಿ ಆಯಿತು. ಡೆಲ್ಮರ್ ಮೇಲೆ ನೋಡಲೇಬಾರದು ಎಂದುಕೊಂಡೇ ನೋಡಿದ. ಗ್ಯಾಲರಿಯ ಎಡಮೂಲೆಯಲ್ಲಿ ಮಕ್ಕಳು ಕಂಬಿಯ ಮೇಲೆ ಗದ್ದವಿಟ್ಟು ಸಾಲಾಗಿ ಕುಳಿತಿದ್ದರು. ಸಾಲಿನ ಕೊನೆಯಲ್ಲಿ ಆರ್ಡಿಸ್, ಮಡಿಲಲ್ಲಿ ಕೈಚೀಲ. ಈಸ್ಟರಿಗೆಂದು ಎತ್ತಿಟ್ಟಿದ್ದ ನೀಲಿ ಕೋಟು ಹಾಕಿಕೊಂಡಿದ್ದಳು. ಅವಳು ಕೈ ಬೀಸಲಿಲ್ಲ. ಸ್ವಲ್ಪ ತಲೆಯಾಡಿಸಿದಳು, ಹೂಂ, ಮಾಡು ಎನ್ನುವ ಹಾಗೆ.

"ನಿರ್ಣಯಗಳು," ಎಂದರು ಸಭಾಧ್ಯಕ್ಷರು.

ಡೆಲ್ಮರ್ ಎದ್ದುನಿಂತ. ಕೈ ಜೇಬಿಗೆ ಹೋಯಿತು, ಚೀಟಿ ಸಿಕ್ಕಿತು. ಮೈಕಿನ ಗುಂಡಿ ಒತ್ತಿದ. ಮುಂದಿನ ಸಾಲಿನಲ್ಲಿ ಜೊಲೀನಳ ಹೆರಳು ಕಾಣುತ್ತಿತ್ತು, ಮೇಜಿನ ಮೇಲೆ ನೋಟುಪುಸ್ತಕ. ಆ ಕಡೆ ಗ್ರೇಡಿ ಫೋನು ಕೆಳಗಿಟ್ಟು ಇತ್ತ ತಿರುಗಿದ. ಸಭಾಧ್ಯಕ್ಷರು ಡೆಲ್ಮರನನ್ನು ನೋಡಿದರು, ಆಮೇಲೆ ಗ್ಯಾಲರಿಯನ್ನು ನೋಡಿದರು, ಅವರ ಮುಖದಲ್ಲಿ ಸಲಿಗೆಯ ನಗು ಹರಡಿತು.

"ಇದು ಅತಿಥಿಗಳ ಹೊತ್ತಲ್ಲ," ಎಂದರು. "ಆದ್ರೆ ನಮ್ ಸತ್ಕಾರ ಮಂತ್ರಿಗಳು ಎದ್ದಿದ್ದಾರೆ, ಮೇಲ್ಗಡೆ ಮಕ್ಕಳೂ ಬಂದಿದ್ದಾರೆ. ಅಭ್ಯಂತರ ಇಲ್ದಿದ್ರೆ ಸದನ ಅವಕಾಶ ಕೊಡುತ್ತೆ. ಅದಕ್ಕೇ ತಾನೆ ಎದ್ದಿದ್ದು, ಟೋಸೆತ್ ಅವರೇ?"

ಸದನ ನಕ್ಕಿತು. ಕೆಟ್ಟ ನಗುವಲ್ಲ, ಪ್ರೀತಿಯ ನಗು, ಇಪ್ಪತ್ತೆರಡು ವರ್ಷ ಅವನನ್ನು ಬೆಚ್ಚಗಿಟ್ಟ ನಗು. ಅಲ್ಲ ಎಂದರೆ ಸಾಕಿತ್ತು. ಬೆರಳ ನಡುವೆ ಚೀಟಿ ಇತ್ತು, ಸಕ್ಕರೆಗೆ ಅಂಟಿಕೊಂಡಿತ್ತು. ಅಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಮೈಕಿನಲ್ಲಿ ಅವನ ಉಸಿರು ಎಲ್ಲರಿಗೂ ಕೇಳಿಸುತ್ತಿತ್ತು.

"ಹೌದು," ಎಂದ ಡೆಲ್ಮರ್.

ಆಮೇಲಿನ ಮಾತುಗಳು ತಾವಾಗಿಯೇ ಬಂದವು, ಅವುಗಳಿಗೆ ಅವನು ಬೇಕಾಗಿರಲಿಲ್ಲ. ತನ್ನ ಊರಿನ ನಾಲ್ಕನೆಯ ತರಗತಿಯ ಹತ್ತೊಂಬತ್ತು ಮಕ್ಕಳು, ಅವರ ಮೇಡಂ, ಬೆಳಿಗ್ಗೆ ಏಳಕ್ಕೇ ಬಸ್ಸು ಹತ್ತಿದವರು. ಜೊತೆಗೆ, ಎಂದು ತಡೆದು, ನನ್ನ ಹೆಂಡತಿ ಆರ್ಡಿಸ್, ಎಂದ. ಮಕ್ಕಳು ಎದ್ದುನಿಂತು ಕೈ ಬೀಸಿದರು. ಶಾಸಕರೊಬ್ಬರ ಹೆಂಡತಿ ಬಂದರೆ ಸದನವೂ ಎದ್ದುನಿಲ್ಲುವುದು ವಾಡಿಕೆ. ಅರವತ್ತೊಂಬತ್ತು ಜನ ಎದ್ದು ಮೇಲಕ್ಕೆ ತಿರುಗಿ ಚಪ್ಪಾಳೆ ತಟ್ಟಿದರು. ಜೊಲೀನ್ ಬ್ರಕ್ನರ್ ಕೈಗಳನ್ನು ತಲೆಯ ಮೇಲಕ್ಕೆತ್ತಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಆರ್ಡಿಸ್ ಎದ್ದುನಿಲ್ಲಲೇಬೇಕಾಯಿತು. ನೀಲಿ ಕೋಟಿನಲ್ಲಿ, ಕೈಚೀಲವನ್ನು ಎರಡೂ ಕೈಯಿಂದ ಹೊಟ್ಟೆಗೊತ್ತಿಕೊಂಡು ನಿಂತಳು. ಚಪ್ಪಾಳೆ ನಿಂತ ಮೇಲೂ ಕುಳಿತುಕೊಳ್ಳಲಿಲ್ಲ. ಇನ್ನೂ ಏನೋ ಇದೆ, ಅವನು ಇನ್ನೂ ನಿಂತಿದ್ದಾನಲ್ಲ ಎಂದು ಕಾಯುತ್ತಿದ್ದಳು. ಪಕ್ಕದ ಮಗುವೊಂದು ಅವಳ ಕೋಟು ಎಳೆಯಿತು.

"ಬೇರೆ ನಿರ್ಣಯಗಳಿಲ್ಲ," ಎಂದರು ಸಭಾಧ್ಯಕ್ಷರು. ಸುತ್ತಿಗೆ ಬಿತ್ತು.

ವೆಂಡೆಲ್ ಅವನ ಕೋಟಿನ ತುದಿ ಹಿಡಿದು, ಕೂತ್ಕೋ ಮಾರಾಯ, ಎಂದ. ಡೆಲ್ಮರ್ ಕುಳಿತ. ಗುಮಾಸ್ತೆ ಮುಂದಿನ ಮಸೂದೆ ಓದಿದಳು: ಹಣ್ಣಿನ ಕಡುಬೊಂದನ್ನು ರಾಜ್ಯದ ಅಧಿಕೃತ ಸಿಹಿತಿಂಡಿ ಎಂದು ಸಾರುವುದು. ಚರ್ಚೆಯಿಲ್ಲ. ಮತದ ಗಂಟೆ ಹೊಡೆಯಿತು. ಅವನು ಬೆರಳು ಚಾಚಿ ಹಸಿರು ಒತ್ತಿದ, ಒತ್ತಿಯೇ ಹಿಡಿದುಕೊಂಡು ತಲೆಯೆತ್ತಿ ಫಲಕದಲ್ಲಿ ತನ್ನ ಹೆಸರನ್ನು ಹುಡುಕಿದ. ಹಸಿರಾಗಿಯೇ ಇತ್ತು. ಸುತ್ತಿಗೆ ಬೀಳುವವರೆಗೂ ಅದನ್ನೇ ನೋಡಿದ. ಆಮೇಲೆ ಗ್ಯಾಲರಿಯ ಕಡೆ ನೋಡಿದಾಗ ಮಕ್ಕಳು ಇನ್ನೂ ಇದ್ದರು, ಸಾಲಿನ ಕೊನೆಯ ಕುರ್ಚಿ ಖಾಲಿಯಿತ್ತು.